ಎರಡನೇ ದಿನ

ಶುಕ್ರವಾರ ಅಂತ್ಯಕ್ರಿಯೆಯಾಯಿತು. ಶನಿವಾರ, ಭಾನುವಾರ ಮನೆ ತುಂಬ ನೆಂಟರಿದ್ದುದರಿಂದ ಅವು ದಿನಗಳೆಂದೇ ಅನ್ನಿಸಲಿಲ್ಲ. ಮೊದಲ ಮಾಮೂಲಿ ಬೆಳಗು ಸೋಮವಾರದ್ದು. ಹಾಲಿನವನು ಬಾಗಿಲ ಹಿಡಿಗೆ ಚೀಲ ಸಿಕ್ಕಿಸಿ ಹೋದ. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು. ನಲ್ಲಿಯೊಳಗೆ ಗಾಳಿ ಗೊರಗುಟ್ಟಿ ಆಮೇಲೆ ನೀರು ಬಂತು. ಅವಳು ಹಾಸಿಗೆಯ ತನ್ನ ಬದಿಯಲ್ಲೇ ಮಲಗಿದ್ದಳು. ಹಲ್ಲು ಕೀಳಿಸಿಕೊಂಡು ಬಂದವರು ಮರಗಟ್ಟಿದ ತುಟಿಯನ್ನು ಮತ್ತೆ ಮತ್ತೆ ಕಚ್ಚಿ ನೋಡುವ ಹಾಗೆ, ಗಂಡ ಸತ್ತ, ಗಂಡ ಸತ್ತ ಎಂದು ಒಳಗೇ ಹೇಳಿಕೊಂಡು ನೋಡಿದಳು. ಏನೂ ಆಗಲಿಲ್ಲ. ಏಳೂವರೆಗೆ ಅವನ ಫೋನು ಕೂಗಿತು. ಯಾರೋ ಪುಣ್ಯಾತ್ಮರು ಅದನ್ನು ಚಾರ್ಜಿಗೆ ಹಾಕಿ ಹೋಗಿದ್ದರು. ಎದ್ದು ನೋಡಿದರೆ, ತಿಂಗಳ ಹಿಂದೆ ಅವನೇ ಬರೆದಿಟ್ಟ ಜ್ಞಾಪನೆ: ‘ಎರಡನೇ ದಿನ. ಹತ್ತೂವರೆ. ನೀಲಿ ಫೈಲು. ಗಾಡಿ ಯಾರಿಗೂ ಕಾಯಲ್ಲ.’

ಅವನು ಬಸ್ಸು ಸಂಸ್ಥೆಯಲ್ಲಿ ವೇಳಾಪಟ್ಟಿ ಮಾಡುವವನು. ಮುಟ್ಟಿನ ಎರಡನೇ ದಿನ ಬಂದರೆ ಸ್ಕ್ಯಾನ್ ಮಾಡಿ ಚಿಕಿತ್ಸೆ ಶುರುಮಾಡುತ್ತೇವೆಂದು ಡಾಕ್ಟರಮ್ಮ ಹೇಳಿದ ದಿನವೇ ಅವಳ ತಿಂಗಳುಗಳನ್ನೆಲ್ಲ ಗೆರೆ ಎಳೆದು ಕಾಗದದ ಮೇಲೆ ಇಳಿಸಿದ್ದ. ‘ಇಪ್ಪತ್ತೆಂಟು ದಿನದ ರೂಟು, ಒಂದು ಬ್ರೇಕ್‌ಡೌನ್ ಇಲ್ಲ. ನಮ್ಮ ಡಿಪೋದವರಿಗೆ ನಿನ್ನನ್ನ ತೋರಿಸಬೇಕು ಕಣೇ’ ಎಂದಿದ್ದ. ಅವನ ಪಟ್ಟಿ ತಪ್ಪಲಿಲ್ಲ. ನಿನ್ನೆ, ನೆಂಟರ ನಡುವೆ, ಅದು ಬಂತು. ಅವಳ ಬಳಿ ಬೇಕಾದದ್ದು ಮುಗಿದುಹೋಗಿತ್ತು. ಬಚ್ಚಲ ಬಾಗಿಲು ಅಷ್ಟೇ ಅಷ್ಟು ತೆಗೆದು ಚಿಕ್ಕಮ್ಮನನ್ನು ಕರೆದು ಕೇಳಬೇಕಾಯಿತು. ಚಿಕ್ಕಮ್ಮ ಅವಳ ಮುಖವನ್ನೇ ನೋಡಿ, ‘ಹಾಗಾದ್ರೆ ಅದೂ ಇಲ್ಲವೇನೇ’ ಎಂದು ಬಾಗಿಲಲ್ಲೇ ಅಳಲು ಶುರುಮಾಡಿದಳು. ಹತ್ತೇ ನಿಮಿಷದಲ್ಲಿ ಹಜಾರದಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಾಯಿತು. ತೋಳ ಬಿದ್ದರೆ ಆಳಿಗೊಂದು ಕಲ್ಲು. ಇನ್ನೂ ವಯಸ್ಸಿದೆ ಎಂದರು ಒಬ್ಬರು. ಒಂದು ಕೂಸಾದರೂ ಇದ್ದಿದ್ದರೆ ಎಂದರು ಇನ್ನೊಬ್ಬರು. ಇಲ್ಲದಿದ್ದದ್ದೇ ಒಳ್ಳೆಯದಾಯ್ತು ಬಿಡಿ ಎಂದರು ಮೂರನೆಯವರು, ಅವಳಿಗೆ ಕೇಳಿಸುವಂತೆಯೇ. ಅವಳಿಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ತನ್ನ ಮೈಯ ಮೇಲೆ. ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಅದು ಅವನ ಪಟ್ಟಿಯ ಪ್ರಕಾರ ನಡೆಯುತ್ತಲೇ ಇತ್ತು.

ಹೋಗಬೇಕೆಂದು ಅವಳು ತೀರ್ಮಾನಿಸಲಿಲ್ಲ. ಸ್ನಾನ ಮಾಡಿದಳು, ಬೂದು ಬಣ್ಣದ ಅಂಗಿ ಹಾಕಿಕೊಂಡಳು, ನೀಲಿ ಫೈಲನ್ನು ಚೀಲಕ್ಕೆ ಇಳಿಸಿದಳು. ಬೀಗ ಹಾಕುವಾಗ ಮಾತ್ರ ಒಳಗೆ ಯಾರೂ ಇಲ್ಲ ಎನ್ನುವುದು ಕೀಲಿಯ ತಿರುವಿನಲ್ಲಿ ಗೊತ್ತಾಯಿತು. ಬಸ್ಸು ನಾಲ್ಕು ನಿಮಿಷ ತಡವಾಗಿ ಬಂತು. ಅವನ ಪರವಾಗಿ ಗಡಿಯಾರ ನೋಡಿಕೊಂಡಳು. ಬುಧವಾರ ಊಟ ಮಾಡಿ ಕುರ್ಚಿಯಲ್ಲಿ ಒರಗಿದವನನ್ನು ನಿದ್ದೆ ಹೋಗಿದ್ದಾನೆಂದು ಕಚೇರಿಯವರು ಇಪ್ಪತ್ತು ನಿಮಿಷ ಎಬ್ಬಿಸಿರಲಿಲ್ಲ. ಪಕ್ಕದ ಮೇಜಿನವನು ಅಂತ್ಯಕ್ರಿಯೆಗೆ ಬಂದು, ‘ಫ್ಯಾನ್ ಬೇರೆ ಹಾಕಿಕೊಟ್ಟೆನಮ್ಮಾ, ಸೆಕೆ ಅಂತ’ ಎಂದು ಅವಳ ಎದುರು ಕೈ ಹಿಸುಕುತ್ತ ನಿಂತಿದ್ದ. ‘ಒಳ್ಳೇದು ಮಾಡಿದ್ರಿ’ ಎಂದಿದ್ದಳು. ಅವಳು ಆ ನಾಲ್ಕು ದಿನ ಎಲ್ಲರಿಗೂ ಹೇಳಿದ ಮಾತು ಅದೊಂದೇ.

ಆಸ್ಪತ್ರೆಯ ಕೌಂಟರಿನಲ್ಲಿ ಹಲ್ಲಿಗೆ ಕ್ಲಿಪ್ಪು ಹಾಕಿದ್ದ ಹುಡುಗಿ ನೀಲಿ ಫೈಲು ತೆಗೆದುಕೊಂಡು, ‘ಎರಡನೇ ದಿನಾನಾ? ಯಜಮಾನ್ರು ಬಂದಿಲ್ವಾ?’ ಎಂದಳು.

‘ಇಲ್ಲ.’

‘ಊರಲ್ಲಿಲ್ವಾ?’

‘ಊರಲ್ಲಿಲ್ಲ,’ ಎಂದಳು ಅವಳು. ಸುಳ್ಳು ಎನ್ನಲು ಬರುವಂತಿರಲಿಲ್ಲ.

‘ತೊಂದ್ರೆ ಇಲ್ಲ. ಅವರ ಸ್ಯಾಂಪಲ್ ಒಂದು ಎತ್ತಿಟ್ಟಿದೀವಲ್ಲ, ಬರಲೇಬೇಕು ಅಂತೇನಿಲ್ಲ. ಈ ಹಾಳೇಲಿ ಸೈನ್ ಒಂದು ಹಾಕಿಸ್ಕೊಂಡು ಬನ್ನಿ, ನಾಳೆ ತಂದ್ರೂ ನಡೆಯುತ್ತೆ.’ ಹುಡುಗಿ ಹಾಳೆಯಲ್ಲಿ ಎರಡು ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟಳು. ‘ಎಲ್ಲ ಗಂಡಸರೂ ಹೀಗೇ ಮೇಡಂ, ಆಮೇಲೆ ಹೆಸರಿಡೋಕೆ ಮಾತ್ರ ಮುಂದೆ ಬರ್ತಾರೆ.’

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎದುರು ಸಾಲಿನಲ್ಲಿ ಮೂರು ಜೋಡಿ. ಒಬ್ಬ ಗಂಡಸು ಹೆಂಡತಿಯ ಚೀಲವನ್ನು ತನ್ನ ಮಡಿಲಲ್ಲಿ ಹಿಡಿದು, ಅದರ ಜಿಪ್ಪನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದ. ಗಂಡನ ಸಹಿ ಅವಳಿಗೆ ಬರುತ್ತಿತ್ತು. ಒಂದು ಉದ್ದ ಗೆರೆ, ಕೆಳಗೆ ಎರಡು ಚುಕ್ಕೆ; ಬಸ್ಸಿನ ಹಾಗೇ ಇದೆ ನಿನ್ನ ಸಹಿ ಎಂದು ನಗುತ್ತಿದ್ದಳು; ಅವನಿಲ್ಲದಾಗ ಕೊರಿಯರ್‌ನವರ ಕಾಗದಕ್ಕೆ ಎಷ್ಟೋ ಸಲ ಅದನ್ನು ಹಾಕಿದ್ದಳು. ಎರಡು ಗೆರೆ, ನಾಲ್ಕು ಚುಕ್ಕೆ. ಅಷ್ಟೇ. ಇಲ್ಲಿ ಯಾರಿಗೂ ಗೊತ್ತಿಲ್ಲ. ಮುಂದಿನ ವರ್ಷ ಈ ಹೊತ್ತಿಗೆ ಅವನ ಕಿವಿಯಿರುವ, ಅವನ ಹಾಗೆ ನಿದ್ದೆಯಲ್ಲಿ ಒಂದು ಕಾಲು ಹೊದಿಕೆಯಿಂದ ಆಚೆ ಹಾಕುವ ಒಂದು ಜೀವ. ಅತ್ತೆ ಕೂಡ ಕೇಳಿದ್ದರಲ್ಲ, ಶುಕ್ರವಾರ, ಎಲ್ಲರೂ ಕೈಕಾಲು ತೊಳೆಯಲು ಹೋದಾಗ ಅವಳ ಮೊಣಕೈ ಹಿಡಿದು, ಪಿಸುಮಾತಿನಲ್ಲಿ: ‘ಆಸ್ಪತ್ರೇಲಿ ಅವನದು ಇಟ್ಟಿದಾರಲ್ಲ, ಭದ್ರವಾಗಿದೆ ತಾನೇ?’ ಇದೆ ಎಂದಿದ್ದಳು. ಭದ್ರವಾಗಿಯೇ ಇತ್ತು. ಆದರೆ ನೀಲಿ ಫೈಲಿನ ಆರನೇ ಹಾಳೆಯಲ್ಲಿ ಏನಿದೆ ಎನ್ನುವುದು ಜಗತ್ತಿನಲ್ಲಿ ಈಗ ಅವಳೊಬ್ಬಳಿಗೇ ಗೊತ್ತಿತ್ತು.

ಅವಳು ಕೆಲಸ ಮಾಡುವುದು ನೀರು ಸರಬರಾಜಿನ ಪ್ರಯೋಗಾಲಯದಲ್ಲಿ. ಊರಿನ ಮೂಲೆಮೂಲೆಯಿಂದ ಬಾಟಲಿಗಳಲ್ಲಿ ನೀರು ಬರುತ್ತದೆ; ಅದರಲ್ಲಿ ಏನೇನು ಇದೆಯೆಂದು ನೋಡಿ ಬರೆಯಬೇಕು. ಪ್ರತಿ ಬಾಟಲಿಗೂ ಒಂದು ನಮೂನೆ, ಪ್ರತಿ ನಮೂನೆಯ ಕೊನೆಗೆ ಒಂದೇ ಪ್ರಶ್ನೆ: ಅವಧಿ ಮುಗಿದ ಮೇಲೆ ಸ್ಯಾಂಪಲ್ಲನ್ನು ಏನು ಮಾಡಬೇಕು? ಹಿಂತಿರುಗಿಸುವುದು, ಸಂಶೋಧನೆಗೆ ಇಡುವುದು, ನಾಶಪಡಿಸುವುದು. ದಿನಕ್ಕೆ ನಲವತ್ತು ಬಾಟಲಿ, ಒಂಬತ್ತು ವರ್ಷ. ಮೂರನೆಯ ಚೌಕಕ್ಕೆ ಟಿಕ್ ಹಾಕುವುದಕ್ಕೆ ಅವಳಿಗೆ ಕಣ್ಣು ಬೇಕಾಗಿರಲಿಲ್ಲ. ಬೇರೆಡೆ ಟಿಕ್ ಹಾಕಿದರೆ ಕಪಾಟು ತುಂಬಿ ಬಾಟಲಿಗಳು ನಡೆದಾಡುವ ದಾರಿಗೆ ಬರುತ್ತವೆ. ಆ ಆರನೇ ಹಾಳೆ ತುಂಬಿದ ದಿನ ಅವನು ಆಸ್ಪತ್ರೆಯ ಒಳಗಿನ ಪುಟ್ಟ ಕೋಣೆಯಲ್ಲಿದ್ದ. ಚಿಕಿತ್ಸೆಯ ದಿನ ಕೆಲವು ಗಂಡಸರಿಗೆ ಗಾಬರಿಯಲ್ಲಿ ಆಗುವುದಿಲ್ಲ, ಮುಂಚೆಯೇ ಒಂದು ಕೊಟ್ಟಿರಲಿ, ತಣ್ಣಗೆ ಎತ್ತಿಡೋಣ ಎಂದಿದ್ದರು ಡಾಕ್ಟರಮ್ಮ. ಇವಳು ಹೊರಗೆ ಕೂತು ಇಬ್ಬರ ಪರವಾಗಿಯೂ ನಮೂನೆ ತುಂಬುತ್ತಿದ್ದಳು. ದಂಪತಿಗಳಲ್ಲಿ ಒಬ್ಬರು ಮರಣ ಹೊಂದಿದಲ್ಲಿ ಸ್ಯಾಂಪಲ್ಲನ್ನು: ಜೀವಂತ ಸಂಗಾತಿಗೆ ಕೊಡುವುದು, ಸಂಶೋಧನೆಗೆ ಇಡುವುದು, ನಾಶಪಡಿಸುವುದು. ಅವಳ ಕೈ ಮೂರನೆಯ ಚೌಕಕ್ಕೆ ಹೋಯಿತು. ಅವನು ಕೆಂಪು ಮುಖ ಮಾಡಿಕೊಂಡು ಹೊರಬಂದು, ‘ಒಳಗೆ ಗೋಡೆ ಮೇಲೆ ಜಲಪಾತದ ಫೋಟೋ ಹಾಕಿದಾರೆ, ಅದನ್ನ ನೋಡಿ ಯಾರಿಗೆ ಏನಾಗಬೇಕೋ’ ಎಂದು ಕಿವಿಯಲ್ಲಿ ಹೇಳಿ, ಅವಳು ನಗುತ್ತಿರುವಾಗಲೇ, ಒಂದಕ್ಷರ ಓದದೆ, ಬಸ್ಸಿನ ಸಹಿ ಹಾಕಿದ.

ಕೈಯ ಅಭ್ಯಾಸ, ಅಷ್ಟೇ. ಬುಧವಾರದಿಂದ ಅವಳು ಹಾಗೆಂದುಕೊಳ್ಳುತ್ತಿದ್ದಳು. ಆದರೆ ಆ ಸಾಲನ್ನು ಓದಿದ್ದು ನೆನಪಿತ್ತು. ಓದಿರದಿದ್ದರೆ ಶಬ್ದಗಳು ಹೀಗೆ ಒಂದೊಂದಾಗಿ ನೆನಪಿರುತ್ತಿದ್ದವೇ? ಮೊದಲ ಚೌಕಕ್ಕೆ ಟಿಕ್ ಹಾಕಿದರೆ ಅವನು ಸಾಯುವುದಕ್ಕೆ ತಾನೇ ಒಪ್ಪಿಗೆ ಕೊಟ್ಟ ಹಾಗೆ ಎಂದು ಒಳಗೆ ಯಾವಳೋ ಓದುಬರಹ ಬಾರದವಳು ಹೆದರಿದ್ದಳೇ? ಅಥವಾ ಬೆಳಿಗ್ಗೆ ಅವನ ಮೇಲೆ ಸಿಟ್ಟಿತ್ತಲ್ಲ, ಮಗುವಿನ ಮಾತೆಲ್ಲ ನಿನಗೆ ತಮಾಷೆ, ಚುಚ್ಚಿಸಿಕೊಳ್ಳುವವಳು ನಾನು ಎಂದು ಜಗಳ ಆಡಿಕೊಂಡೇ ಬಸ್ಸು ಹತ್ತಿದ್ದರಲ್ಲ, ಆ ಸಿಟ್ಟೇ? ಒಂದು ಬಾಟಲಿ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸೀಸವಿದ್ದರೂ ಹುಡುಕಿ ತೆಗೆಯುವವಳಿಗೆ ಆ ಒಂದು ಟಿಕ್ಕಿನಲ್ಲಿ ಏನೇನು ಎಷ್ಟೆಷ್ಟು ಬೆರೆತಿತ್ತು ಎನ್ನುವುದು ಗೊತ್ತಾಗುತ್ತಿರಲಿಲ್ಲ.

ಡಾಕ್ಟರಮ್ಮ ತಲೆಯೆತ್ತದೆ ಫೈಲು ತಿರುವುತ್ತ, ‘ಕೂತ್ಕೊಳ್ಳಿ. ಟೈಮಿಗೆ ಸರಿಯಾಗಿ ಬಂದಿದೀರ. ಎಲ್ಲಿ ನಮ್ಮ ಬಸ್ಸಿನವರು, ಚೆನ್ನಾಗಿದಾರಾ?’ ಎಂದರು.

‘ಚೆನ್ನಾಗಿದಾರೆ,’ ಎಂದಳು.

ಬಾಯಿಂದ ಬಂದ ಮೇಲೆ ಅದು ಕೋಣೆಯಲ್ಲಿ ಉಳಿದುಬಿಟ್ಟಿತು. ಡಾಕ್ಟರಮ್ಮ ಹಾಳೆಗಾಗಿ ಕೈ ಚಾಚಿದ್ದರು. ಆ ಕೈಯ ಹೆಬ್ಬೆರಳಿಗೆ ಸಣ್ಣ ಪ್ಲಾಸ್ಟರು ಅಂಟಿಸಿತ್ತು. ಏನನ್ನೋ ಹೆಚ್ಚುವಾಗ ಮನೆಯಲ್ಲಿ ಕೊಯ್ದುಕೊಂಡಿರಬೇಕು. ಅವಳು ಹಾಳೆಯನ್ನು ಕೊಡಲಿಲ್ಲ. ‘ಬುಧವಾರ ತೀರಿಹೋದರು,’ ಎಂದಳು.

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಎದ್ದು ಬಾಗಿಲು ಮುಚ್ಚಿ ಬಂದರು. ಏನಾಯಿತು ಎಂದು ಕೇಳಿದರು, ಹೇಳಿದಳು. ಆಮೇಲೆ ತುಂಬ ನಿಧಾನವಾಗಿ ಫೈಲನ್ನು ಮತ್ತೆ ತೆರೆದು ಆರನೇ ಹಾಳೆಗೆ ಬಂದು ನಿಂತರು. ಆ ಹಾಳೆ ಹುಡುಕಲು ಅವರಿಗೂ ಹೊತ್ತು ಬೇಕಾಗಲಿಲ್ಲ.

‘ಇದು...’

‘ನಾನೇ ಹಾಕಿದ್ದು. ಅವರು ಓದಿಲ್ಲ.’

‘ಇಬ್ಬರದೂ ಸೈನ್ ಇದೆಯಮ್ಮ.’

‘ಓದಿಲ್ಲ ಅಂತ ನಾನು ಬರ್ಕೊಡ್ತೀನಿ.’

‘ಓದದೆ ಇರೋದು ಎಲ್ಲರೂ. ಆದ್ರೆ ಅದನ್ನ ಅವರೇ ಬರ್ಕೊಡಬೇಕಿತ್ತು.’ ಡಾಕ್ಟರಮ್ಮ ಹಾಳೆಯ ಮೇಲೆ ಅಂಗೈ ಇಟ್ಟರು. ‘ನನ್ನ ಕೈಲಿ ಏನೂ ಇಲ್ಲ. ನೀವು ಈಗ ಹೇಳದೆ ಹೋಗಿದ್ರೆ ನಾನು ಮಾಡಿಬಿಡ್ತಿದ್ದೆ. ಹೇಳಿದೀರಿ.’

ಅವಳಿಗೆ ನಗು ಬಂದಂತಾಯಿತು. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಳ್ಳುವುದಿರಲಿ, ದೊಣ್ಣೆಯನ್ನು ತಾನೇ ಹುಡುಕಿ ತಂದುಕೊಟ್ಟಂತಾಗಿತ್ತು. ಇನ್ನು ಅವನ ಆ ಪುಟ್ಟ ಕೊಳವೆಗೆ ಒಂದು ತಾರೀಖು ಬೀಳುತ್ತದೆ. ಬಿಳಿ ಕೋಟಿನ ಯಾರೋ ಒಬ್ಬಳು ಅದರ ಚೀಟಿ ಓದಿ, ಪುಸ್ತಕದಲ್ಲಿ ಗುರುತು ಹಾಕಿ, ಮುಂದಿನದಕ್ಕೆ ಹೋಗುತ್ತಾಳೆ. ಅವಳಿಗೂ ಕಣ್ಣು ಬೇಕಾಗುವುದಿಲ್ಲ.

‘ನನಗೆ ಮಗು ಬೇಕು,’ ಎಂದಳು. ಹಾಗೆ ಹೇಳುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಮದುವೆಯಾಗಿ ಆರು ವರ್ಷದಲ್ಲಿ ಆ ವಾಕ್ಯವನ್ನು ಅವಳು ‘ನಮಗೆ’ ಎಂದೇ ಹೇಳಿದ್ದಳು.

‘ಈಗ ಅದನ್ನ ತೀರ್ಮಾನ ಮಾಡೋ ಹೊತ್ತಲ್ಲ.’

‘ಹೋದ ಸಲ ನೀವೇ ಹೇಳಿದ್ರಿ, ನನ್ನ ಅಂಡಾಣು ಕಡಿಮೆ ಇದೆ, ವರ್ಷಗಟ್ಟಲೆ ಕಾಯೋ ಹಾಗಿಲ್ಲ ಅಂತ.’

‘ಹೇಳಿದ್ದೆ.’ ಡಾಕ್ಟರಮ್ಮ ನೀಲಿ ಫೈಲನ್ನು ಮುಚ್ಚಿದರು. ‘ಒಬ್ಬರೇ ಬರೋ ಹೆಂಗಸರೂ ಇದಾರೆ. ದಾನಿಯಿಂದ ತಗೊಂಡು ಮಾಡ್ತೀವಿ. ಅದಕ್ಕೆ ಬೇರೆ ಫೈಲು. ಆದ್ರೆ ಅದು ಅವರ ಮಗು ಆಗಲ್ಲ. ಅವರ ಬದಲಿಗೆ ಅಂತ ಮಾಡ್ಕೊಂಡ್ರೆ ಆ ಕೂಸಿಗೆ ಅನ್ಯಾಯ. ಇದನ್ನ ನಿಮಗೆ ಇವತ್ತು ಹೇಳೋಕೆ ನನಗೇ ಕಷ್ಟ.’

‘ಹೇಳಿ. ನೀವಾದ್ರೂ ಹೇಳಿ. ನಾಲ್ಕು ದಿನದಿಂದ ಎಲ್ಲರೂ ಬಾಯಿ ಮುಚ್ಕೊಂಡು ನನ್ನ ಬೆನ್ನು ಸವರ್ತಿದಾರೆ.’

ಇಂಜೆಕ್ಷನ್ ಮುಂದಿನ ತಿಂಗಳಿಗಿಂತ ಮೊದಲು ಇಲ್ಲ, ಅದಕ್ಕೂ ಮುಂಚೆ ಆಪ್ತಸಲಹೆಯವರ ಹತ್ತಿರ ಮೂರು ಸಲ ಕೂರಬೇಕು ಎಂದರು ಡಾಕ್ಟರಮ್ಮ. ಇವತ್ತು ಸ್ಕ್ಯಾನ್ ಬೇಕಾಗಿಲ್ಲ ಎಂದರು. ಬಂದಿದೀನಲ್ಲ, ಮಾಡಿ ಎಂದಳು. ಕತ್ತಲ ಕೋಣೆಯಲ್ಲಿ ಮಂಚದ ಮೇಲೆ ಮಲಗಿ, ರಕ್ತವಾಗುತ್ತದೆ ಎಂದು ನಾಚುತ್ತ, ಪರದೆಯ ಬೂದು ಮಬ್ಬನ್ನು ನೋಡಿದಳು. ನರ್ಸು ಎಣಿಸಿದಳು: ಬಲಗಡೆ ಎರಡು, ಎಡಗಡೆ ಮೂರು. ಅಂಡಾಣು ಬೆಳೆಯುವ ಕಪ್ಪು ಚುಕ್ಕೆಗಳು. ‘ಹೋದ ಸಲಕ್ಕಿಂತ ಒಂದು ಜಾಸ್ತಿ ಕಾಣ್ತಿದೆ ನೋಡಿ,’ ಎಂದಳು ನರ್ಸು, ಏನೂ ಗೊತ್ತಿಲ್ಲದೆ, ಖುಷಿಯಾಗಿ. ಅವಳ ಕಣ್ಣಿನಿಂದ ನೀರು ಇಳಿದು ಎರಡೂ ಕಿವಿಯೊಳಗೆ ಹೋಯಿತು. ಐದು ದಿನದಲ್ಲಿ ಮೊದಲ ಸಲ. ಅಂತ್ಯಕ್ರಿಯೆಯಲ್ಲಿ ಅಳದವಳು ಒಂದು ಚುಕ್ಕೆಗೆ ಅಳುತ್ತಿದ್ದೇನಲ್ಲ ಎಂದು ಅವಮಾನವಾಯಿತು. ಆ ಅವಮಾನದ ಕೆಳಗೆ, ನಂಬುವಂತಿರಲಿಲ್ಲ, ಸಂತೋಷದಂಥದ್ದೇ ಏನೋ ಇತ್ತು. ಅದನ್ನು ಯಾರಾದರೂ ನೋಡಿಬಿಟ್ಟಾರೆಂದು ಮುಖ ಗೋಡೆಗೆ ತಿರುಗಿಸಿದಳು.

ಹೊಸ ಫೈಲು ಹಳದಿ. ಗಂಡನ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು ಕೊಟ್ಟಿದ್ದರು. ಹಲ್ಲಿನ ಕ್ಲಿಪ್ಪಿನ ಹುಡುಗಿಗೆ ಅಷ್ಟರಲ್ಲಿ ಗೊತ್ತಾಗಿ, ಅವಳು ಕಣ್ಣು ತಪ್ಪಿಸುತ್ತ, ‘ಇಲ್ಲೊಂದು ಬಾಕಿ ಇದೆ ಮೇಡಂ. ಅಂಡಾಣು ತೆಗೆಯೋ ದಿನ ಅರಿವಳಿಕೆ ಕೊಡ್ತಾರೆ, ಜೊತೆಗೆ ಒಬ್ಬರು ಬಂದು ಸೈನ್ ಮಾಡಬೇಕು. ಯಾರ ಹೆಸರು ಬರೀಲಿ?’ ಎಂದಳು. ‘ಮನೆಯವರು ಯಾರಾದ್ರೂ. ಯಾರಾದ್ರೂ ಪರವಾಗಿಲ್ಲ.’

ಯಾರಾದರೂ. ಅಮ್ಮ ಇಲ್ಲ. ಚಿಕ್ಕಮ್ಮನಿಗೆ ಹೇಳುವುದೂ ಒಂದೇ, ಊರಿಗೆ ಧ್ವನಿವರ್ಧಕ ಕಟ್ಟುವುದೂ ಒಂದೇ. ಪ್ರಯೋಗಾಲಯದ ಗೆಳತಿಯನ್ನು ಕೇಳಿದರೆ ಬಂದಾಳು. ಆದರೆ ತನ್ನ ಮೊಣಕೈಯಲ್ಲಿ ಅತ್ತೆಯ ಶುಕ್ರವಾರದ ಆ ಹಿಡಿತ ಇನ್ನೂ ಇತ್ತು. ಭದ್ರವಾಗಿದೆ ತಾನೇ? ‘ನಾಳೆ ಹೇಳ್ತೀನಿ,’ ಎಂದಳು. ಮೆಟ್ಟಿಲಿಳಿಯುತ್ತಿದ್ದಾಗ ಅತ್ತೆಯದೇ ಫೋನು ಬಂತು.

‘ಊಟ ಆಯ್ತಾ?’

‘ಹೂಂ,’ ಎಂದಳು, ಆಗಿರಲಿಲ್ಲ.

‘ನನ್ನ ದೊಡ್ಡ ಕತ್ತರಿ ನಿಮ್ಮ ಮನೇಲಿದೆ. ಹೋದ ತಿಂಗಳು ಒಯ್ದಿದ್ದ, ಪರದೆ ಕತ್ತರಿಸ್ತೀನಿ ಅಂತ. ಯೂನಿಫಾರ್ಮ್ ಕೆಲಸ ಇದೆ, ಸಣ್ಣ ಕತ್ತರೀಲಿ ಆಗ್ತಿಲ್ಲ.’ ಸ್ವಲ್ಪ ಹೊತ್ತು ಹೊಲಿಗೆ ಯಂತ್ರದ ಸದ್ದು ಮಾತ್ರ ಕೇಳಿತು. ‘ಆತುರ ಏನಿಲ್ಲ. ಇವತ್ತು ಬಂದ್ರೆ ಒಳ್ಳೇದು.’

ಕತ್ತರಿ ಸಣ್ಣ ಕೋಣೆಯ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು, ಅವನು ಇಟ್ಟ ಜಾಗದಲ್ಲಿ. ಮಗುವಿಗೆಂದು ಆ ಕೋಣೆ ಮಾಡೋಣ ಎಂದು ಎದ್ದಿದ್ದವನು ಒಂದು ಪರದೆ ಮುಗಿಸಿ, ಇನ್ನೊಂದನ್ನು ಬಿಟ್ಟು, ಗೋಡೆಗೆ ಅಂಟಿಸಲು ದಪ್ಪ ರಟ್ಟಿನಲ್ಲಿ ಬಸ್ಸುಗಳನ್ನು ಕತ್ತರಿಸಿದ್ದ. ಒಟ್ಟು ಹನ್ನೊಂದು. ಬೇಡ, ಅದು ಬಟ್ಟೆ ಕತ್ತರಿ, ಮೊಂಡಾಗುತ್ತದೆ, ಅತ್ತೆಗೆ ಗೊತ್ತಾದರೆ ನಿನ್ನ ಕೈ ಕತ್ತರಿಸುತ್ತಾರೆ ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು. ಅವನು ಚಿಕ್ಕಂದಿನಲ್ಲಿ ಒಮ್ಮೆ ಅದರಿಂದ ಗಾಳಿಪಟದ ಕಾಗದ ಕತ್ತರಿಸಿ ಒಂದಿಡೀ ದಿನ ಅಮ್ಮನ ಮಾತಿಲ್ಲದೆ ಕಳೆದವನು. ‘ಒರೆಸಿಟ್ರೆ ಯಾರಿಗೆ ಗೊತ್ತಾಗುತ್ತೆ’ ಎಂದಿದ್ದ. ಅವಳು ಈಗ ಅದನ್ನು ಒರೆಸಿದಳು. ಅಲಗಿನ ಸಂದಿಯಲ್ಲಿ ರಟ್ಟಿನ ಪುಡಿ ಇತ್ತು. ಹಳೆಯ ಟವೆಲಿನಲ್ಲಿ ಸುತ್ತಿ, ಹಳದಿ ಫೈಲಿನ ಜೊತೆಗೇ ಚೀಲಕ್ಕೆ ಹಾಕಿದಳು.

ಅತ್ತೆಯ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಎರಡು ಯಂತ್ರ, ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಎದೆಮಟ್ಟ ಪೇರಿಸಿದ ನೀಲಿ ಬಟ್ಟೆ. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕಾಲರು ಹೊಲಿಯುತ್ತಿದ್ದರು. ‘ಕೂತ್ಕೋ’ ಎಂದರು. ‘ಜನ ಬಂದು ಇದೇನು ಇವಳು ಆಗಲೇ ಕೆಲಸಕ್ಕೆ ಕೂತಿದಾಳೆ ಅಂತಿದಾರೆ. ಶಾಲೆಯವರು ಕಾಯ್ತಾರಾ? ಬರೀ ಮೈಯಲ್ಲಿ ಕಳಿಸೋಕಾಗುತ್ತಾ ಮಕ್ಕಳನ್ನ?’

‘ನಾನು ಆಸ್ಪತ್ರೆಗೆ ಹೋಗಿದ್ದೆ, ಅತ್ತೆ.’

ಯಂತ್ರ ನಿಂತಿತು. ಅತ್ತೆಯ ಮುಖದಲ್ಲಿ ಆಗ ಬೆಳಗಿದ್ದನ್ನು ಅವಳು ನೋಡಬಾರದಿತ್ತು. ಅದು ಆರುವ ಮುಂಚೆಯೇ ಹೇಳಿ ಮುಗಿಸಬೇಕೆಂದು, ನಮೂನೆ, ಚೌಕ, ಟಿಕ್, ಓದದೆ ಹಾಕಿದ ಸಹಿ, ಎಲ್ಲವನ್ನೂ ನಿಂತುಕೊಂಡೇ ಹೇಳಿದಳು. ‘ಭದ್ರವಾಗಿದೆ ಅಂದೆ ನಿಮಗೆ. ಇತ್ತು. ಆದ್ರೆ ನನಗೆ ಕೊಡಲ್ಲ. ನಾನೇ ಬೇಡ ಅಂತ ಬರ್ಕೊಟ್ಟಿದ್ದೆ.’

ಅತ್ತೆ ಸೂಜಿಯ ಕೆಳಗಿನಿಂದ ಬಟ್ಟೆಯನ್ನು ಎಳೆದು, ದಾರವನ್ನು ಹಲ್ಲಿನಿಂದ ಕಡಿದರು. ‘ಓದಿದವಳು ನೀನು,’ ಎಂದರು. ಬೈದಿದ್ದರೆ ಆಗುತ್ತಿತ್ತು. ಗೋಡೆಯ ಗಡಿಯಾರ ಐದು ನಿಮಿಷ ಮುಂದಿತ್ತು. ಮಗ ಬಂದಾಗಲೆಲ್ಲ ಅದನ್ನು ಸರಿಮಾಡುತ್ತಿದ್ದ, ಅತ್ತೆ ಮತ್ತೆ ಮುಂದಿಡುತ್ತಿದ್ದರು.

‘ಇನ್ನೂ ಒಂದಿದೆ,’ ಎಂದಳು ಅವಳು. ‘ಬೇರೆ ಫೈಲು ಮಾಡಿಸಿದೀನಿ. ದಾನಿಯಿಂದ. ನನ್ನೊಬ್ಬಳದು.’

‘ಅವನದಲ್ಲ.’

‘ಅಲ್ಲ.’

‘ಯಾರದು ಮತ್ತೆ?’

‘ಗೊತ್ತಾಗಲ್ಲ. ಎತ್ತರ, ಬಣ್ಣ, ರಕ್ತದ ಗುಂಪು ಹೇಳ್ತಾರಂತೆ.’

‘ಅಷ್ಟೇನಾ? ಒಂದು ಪ್ಯಾಂಟು ಹೊಲಿಯೋಕೆ ನಾನು ಅದಕ್ಕಿಂತ ಜಾಸ್ತಿ ಅಳತೆ ತಗೋತೀನಿ.’ ಅತ್ತೆ ಎದ್ದು ಹೋಗಿ ನೀಲಿ ಬಟ್ಟೆಯ ರಾಶಿಯ ಮೇಲೆ ಕೈಯಾಡಿಸಿ, ಸರಿಯಾಗಿದ್ದದ್ದನ್ನೇ ಮತ್ತೆ ಸರಿಮಾಡಿದರು. ಬೆನ್ನು ತಿರುಗಿಸಿಯೇ ಕೇಳಿದರು. ‘ಐದು ದಿನ ಆಗಿಲ್ಲ ಇನ್ನೂ. ನಿನಗೆ ನಾಚಿಕೆ ಆಗಲಿಲ್ವಾ?’

‘ಆಯ್ತು. ಆದ್ರೂ ಬೇಕು.’

‘ನಾನು ಏನು ಮಾಡಬೇಕು ಅಂತ ಬಂದೆ?’

‘ಒಂದು ದಿನ ಜೊತೆಗೆ ಬಂದು ಸೈನ್ ಹಾಕಬೇಕು. ಅರಿವಳಿಕೆ ಕೊಡ್ತಾರಂತೆ.’

‘ನನ್ನ ಕೈಲಿ ಆಗಲ್ಲ,’ ಎಂದರು ಅತ್ತೆ. ‘ಯೋಚನೆ ಮಾಡ್ತೀನಿ ಅಂತ ಸುಳ್ಳು ಹೇಳಲ್ಲ. ಬೇರೆಯವರ ಕೂಸಿಗೆ ನಾನು ಅಲ್ಲಿ ಕೂತು... ಆಗಲ್ಲ ನನಗೆ.’

‘ಸರಿ ಅತ್ತೆ.’

ಹೊರಗೆ ಶಾಲೆ ಬಿಟ್ಟಿತ್ತು. ಬೀದಿಯ ತುಂಬ ಅತ್ತೆಯ ಕೈಯ ನೀಲಿ ಅಂಗಿಗಳು ಕೂಗುತ್ತ ಹೋಗುತ್ತಿದ್ದವು. ಅತ್ತೆ ಅವನ್ನು ಕಿಟಕಿಯಿಂದ ನೋಡುತ್ತ, ಒಬ್ಬಳ ಕೈಮಡಿಕೆ ಬಿಚ್ಚಿಹೋಗಿದ್ದಕ್ಕೆ ‘ಥೂ’ ಎಂದು ತಮ್ಮಷ್ಟಕ್ಕೇ ಅಂದರು. ಆಮೇಲೆ ಕೇಳಿದರು: ‘ಯಾವತ್ತು ಅದು?’

‘ಮುಂದಿನ ತಿಂಗಳು. ಅದು ಬಂದ ಮೇಲೇ ಲೆಕ್ಕ.’

‘ಬಂದ ದಿನ ಫೋನ್ ಮಾಡು.’ ತಿರುಗಿ ನೋಡಿದರು. ‘ಬರ್ತೀನಿ ಅಂತಲ್ಲ. ಫೋನ್ ಮಾಡು.’

ಅವಳು ತಲೆಯಾಡಿಸಿದಳು. ಇನ್ನು ಹೊರಡಬೇಕು. ಚೀಲದಿಂದ ಟವೆಲಿನ ಸುರುಳಿ ತೆಗೆದು, ಬಿಚ್ಚಿ, ಕತ್ತರಿಯನ್ನು ಹಿಡಿಯ ಕಡೆಯಿಂದ ಕೊಟ್ಟಳು. ಅತ್ತೆ ಅದನ್ನು ಕೈಯಲ್ಲಿ ತೂಗಿದರು, ಬೆರಳು ತೂರಿಸಿದರು, ನೀಲಿ ಬಟ್ಟೆಯ ಒಂದು ಚೂರಿಗೆ ಇಟ್ಟು ಒತ್ತಿದರು. ಸರ್ರನೆ ಹೋಗಬೇಕಾದದ್ದು ನಡುವೆ ಕಚ್ಚಿಕೊಂಡು ಬಟ್ಟೆಯನ್ನು ಜಗಿಯಿತು. ಅತ್ತೆ ಮತ್ತೊಮ್ಮೆ ಒತ್ತಿದರು. ಕಣ್ಣು ಮುಚ್ಚಿ ಕೇಳಿಸಿಕೊಂಡರು.

‘ಕಾಗದಕ್ಕೆ ಹಾಕಿದಾರೆ ಇದನ್ನ,’ ಎಂದರು. ‘ಯಾರು? ನೀನಾ?’

ನಾನೇ ಎನ್ನುವ ಮಾತು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು.

‘ಅಲ್ಲ,’ ಎಂದಳು. ‘ಅವರೇ. ಬೇಡ ಅಂದೆ, ಕೇಳಲಿಲ್ಲ.’

ಅತ್ತೆ ಕತ್ತರಿಯನ್ನು ಎದೆಗೆ ಒತ್ತಿಕೊಂಡು, ಕುರ್ಚಿಗಾಗಿ ಹಿಂದೆ ಕೈಯಾಡಿಸಿ ಕುಳಿತರು. ‘ಅಯ್ಯೋ ಹಾಳಾದವನೇ,’ ಎಂದರು, ಬದುಕಿರುವವನನ್ನು ಬೈಯುವ ದನಿಯಲ್ಲಿ, ‘ಎಷ್ಟು ಸಲ ಹೇಳಬೇಕೋ ನಿನಗೆ.’